ಹೆಬ್ಬೆಟ್ಟಿನ ಓಟು, ಪದವಿಯ ಓಟು

ಚುನಾವಣೆಯ ಫಲಿತಾಂಶ ಹೊರಬಿದ್ದ ಸಂಜೆ ಪಟ್ಟಣದ ಯಾವ ಬಡಾವಣೆಗೆ ಹೋದರೂ ಒಂದು ಮಾತು ಕಿವಿಗೆ ಬೀಳದೆ ಇರುವುದಿಲ್ಲ. ಗೆದ್ದವರು ಮನೆಯವರ ಮೆಚ್ಚಿನವರಲ್ಲದಿದ್ದರಂತೂ ಕಾಫಿಯ ಲೋಟ ಕೆಳಗಿಡುವ ಮೊದಲೇ ಆ ಮಾತು ಹೊರಡುತ್ತದೆ: "ಓದುಬರಹ ಬಾರದವರ ಕೈಗೆ ಓಟು ಕೊಟ್ಟರೆ ಇನ್ನೇನಾದೀತು?" ಹೀಗೆನ್ನುವವರು ಕೆಟ್ಟವರಲ್ಲ. ಹೊಟ್ಟೆಬಟ್ಟೆ ಕಟ್ಟಿ ಮಕ್ಕಳನ್ನು ಓದಿಸಿದವರು. ತಮ್ಮ ಮನೆತನವನ್ನು ಮೇಲೆತ್ತಿದುದು ವಿದ್ಯೆಯೊಂದೇ ಎಂದು ಬಲ್ಲವರು. ಗುಮಾಸ್ತೆಯ ಕೆಲಸಕ್ಕೂ ಅರ್ಹತಾಪತ್ರ ಕೇಳುವ ಲೋಕ, ರಾಜ್ಯವಾಳುವವರನ್ನು ಆರಿಸುವುದಕ್ಕೆ ಮಾತ್ರ ಏನನ್ನೂ ಕೇಳದಿರುವುದು ಅವರಿಗೆ ವಿಚಿತ್ರವಾಗಿ ತೋರುತ್ತದೆ.

ಈ ಸಂದೇಹ ಇಂದು ನಿನ್ನೆಯದಲ್ಲ. ಇಂಗ್ಲೆಂಡಿನ ತತ್ತ್ವಜ್ಞ ಜಾನ್ ಸ್ಟುಅರ್ಟ್ ಮಿಲ್, ಪ್ರಾತಿನಿಧಿಕ ಸರ್ಕಾರವನ್ನು ಕುರಿತು 1861ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಓದು, ಬರಹ, ಲೆಕ್ಕ ಬಾರದವರಿಗೆ ಮತವೇ ಬೇಡ, ಹೆಚ್ಚು ಕಲಿತವರಿಗೆ ಒಂದಕ್ಕಿಂತ ಹೆಚ್ಚು ಮತಗಳಿರಲಿ ಎಂದು ವಾದಿಸಿದ್ದನು. ಸ್ತ್ರೀಯರಿಗೂ ಮತಾಧಿಕಾರ ಬೇಕೆಂದು ಕೇಳಿದ ಉದಾರಿಯೇ ಹೀಗೆಂದುದು. ಅವನ ಮಾತು ಪೂರ್ತಿ ನಡೆಯಲಿಲ್ಲವಾದರೂ ಇಂಗ್ಲೆಂಡಿನಲ್ಲಿ ಬಹುಕಾಲ ಪದವೀಧರನಿಗೆ ಎರಡು ಓಟುಗಳಿದ್ದವು: ಮನೆಯಿರುವ ಊರಿನಲ್ಲಿ ಒಂದು, ಓದಿದ ವಿಶ್ವವಿದ್ಯಾನಿಲಯದ ಪರವಾಗಿ ಇನ್ನೊಂದು. ಆಕ್ಸ್‌ಫರ್ಡ್, ಕೇಂಬ್ರಿಜ್ ಮೊದಲಾದವುಗಳಿಗೆ ಪಾರ್ಲಿಮೆಂಟಿನಲ್ಲಿ ಪ್ರತ್ಯೇಕ ಸ್ಥಾನಗಳಿದ್ದವು. 1948ರ ಕಾನೂನಿನಿಂದ ಈ ಪದ್ಧತಿ ರದ್ದಾಗಿ 1950ರ ಚುನಾವಣೆಯಲ್ಲಿ ಆ ಸ್ಥಾನಗಳು ಕಾಣೆಯಾದವು. ಅಷ್ಟು ಕಾಲ ಆ ಪಂಡಿತ ಮತದಾರರು ಹೆಚ್ಚಾಗಿ ಕಳುಹಿಸುತ್ತಿದ್ದುದು ಕನ್ಸರ್ವೇಟಿವ್ ಪಕ್ಷದವರನ್ನು. ದೇಶದ ಜ್ಞಾನವೆಲ್ಲ ಒಂದೇ ಪಕ್ಷದಲ್ಲಿತ್ತೆಂದಲ್ಲ. ಪದವಿಯವರೆಗೆ ಓದುವ ಅನುಕೂಲವಿದ್ದ ಮನೆಗಳು ಹೆಚ್ಚಾಗಿ ಆ ಪಕ್ಷದ ಮನೆಗಳಾಗಿದ್ದವು. ಈ ಮಾತನ್ನು ವಾಚಕರು ನೆನಪಿನಲ್ಲಿಟ್ಟರೆ ಒಳ್ಳೆಯದು, ಮುಂದೆ ಬೇಕಾಗುತ್ತದೆ.

ಅಮೆರಿಕದ ದಕ್ಷಿಣ ಸಂಸ್ಥಾನಗಳಲ್ಲಿ ವಿದ್ಯಾಪರೀಕ್ಷೆಯ ಕಥೆ ಇನ್ನೂ ಕಠೋರವಾದುದು. ಮತದಾರನಾಗಬೇಕಾದವನು ಓದಿ ತೋರಿಸಬೇಕು, ಸಂವಿಧಾನದ ವಾಕ್ಯಕ್ಕೆ ಅರ್ಥ ಹೇಳಬೇಕು. ಉತ್ತರ ಸರಿಯೆ ತಪ್ಪೆ ಎಂದು ತೀರ್ಮಾನಿಸುವವನು ಬಿಳಿಯ ಅಧಿಕಾರಿ. ಕರಿಯ ಉಪಾಧ್ಯಾಯರೂ ಅಲ್ಲಿ ನಪಾಸಾಗುತ್ತಿದ್ದರು, ಅರೆಬರೆ ಓದಿದ ಬಿಳಿಯರು ಪಾಸಾಗುತ್ತಿದ್ದರು. 1965ರ ಮತದಾನ ಹಕ್ಕಿನ ಕಾನೂನು ಈ ಪರೀಕ್ಷೆಯ ಬೆನ್ನು ಮುರಿಯಿತು.

ಭಾರತ ಅಂಥ ಪರೀಕ್ಷೆಯನ್ನು ಇಡಲೇ ಇಲ್ಲ. ಬ್ರಿಟಿಷರ ಕಾಲದಲ್ಲಿ ಮತವೆಂಬುದು ಆಸ್ತಿ, ತೆರಿಗೆ, ವಿದ್ಯೆ ಇವುಗಳಲ್ಲಿ ಒಂದಾದರೂ ಇದ್ದವರ ಸೊತ್ತಾಗಿತ್ತು. ಸಂವಿಧಾನ ಆ ಬೇಲಿಯನ್ನು ಒಂದೇ ಸಲಕ್ಕೆ ಕಿತ್ತೊಗೆಯಿತು. 1951ರ ಜನಗಣತಿಯಂತೆ ದೇಶದಲ್ಲಿ ಅಕ್ಷರ ಬಲ್ಲವರು ನೂರಕ್ಕೆ ಸುಮಾರು 18 ಮಂದಿ. ಹೆಂಗಸರಲ್ಲಿ ನೂರಕ್ಕೆ 9 ಮಂದಿ. ಸಂವಿಧಾನ ಸಭೆಯ ಅಧ್ಯಕ್ಷರಾಗಿದ್ದ ರಾಜೇಂದ್ರ ಪ್ರಸಾದರು 1949ರ ನವೆಂಬರ್ 26ರಂದು ಮಾಡಿದ ಭಾಷಣದಲ್ಲಿ ಎರಡು ಮಾತುಗಳನ್ನು ಹೇಳಿದರು. ಕಾನೂನನ್ನು ನಡೆಸುವವರಿಗೆ ಉನ್ನತ ಅರ್ಹತೆಯನ್ನು ಕೇಳುವ ನಾವು ಕಾನೂನು ಮಾಡುವವರಿಗೆ ಏನನ್ನೂ ಕೇಳಲಾಗಲಿಲ್ಲವಲ್ಲ ಎಂಬ ವ್ಯಥೆ ಒಂದು. ಹಳ್ಳಿಯವನಾದ ತಾನು ಹಳ್ಳಿಯ ಜನರನ್ನು ಬಲ್ಲೆ, ಅವರಿಗೆ ಅಕ್ಷರ ಬಾರದಿದ್ದರೂ ಬುದ್ಧಿಯಿದೆ, ತಮ್ಮ ಹಿತವನ್ನೂ ನಾಡಿನ ಹಿತವನ್ನೂ ತೂಗಬಲ್ಲರು ಎಂಬ ಭರವಸೆ ಇನ್ನೊಂದು. ಇಂದಿಗೂ ವಿದ್ಯಾವಂತರ ಮನೆಗಳಲ್ಲಿ ಮೊದಲನೆಯ ಮಾತನ್ನು ಆಡುವವರು ಬಹಳ, ಎರಡನೆಯದನ್ನು ನೆನೆಯುವವರು ಕಡಮೆ.

ಹೀಗೆ 17 ಕೋಟಿಗೂ ಹೆಚ್ಚು ಜನರ ಪಟ್ಟಿ ಸಿದ್ಧವಾಯಿತು. ಗಂಡನ ಹೆಸರು ಹೇಳುವ, ತಂದೆಯ ಹೆಸರು ಹೇಳುವ, ಆದರೆ ಪರಪುರುಷನಾದ ಗುಮಾಸ್ತೆಯ ಮುಂದೆ ತನ್ನ ಹೆಸರು ಹೇಳಲೊಲ್ಲದ ಸುಮಾರು 28 ಲಕ್ಷ ಸ್ತ್ರೀಯರ ಹೆಸರನ್ನು ಬಿಡಬೇಕಾಗಿ ಬಂತು. ಉಳಿದವರಿಗಾಗಿ ಚುನಾವಣಾ ಆಯುಕ್ತ ಸುಕುಮಾರ ಸೇನರು ಚಿತ್ರದ ಉಪಾಯ ಮಾಡಿದರು. ಜೋಡೆತ್ತು, ಗುಡಿಸಲು, ಮರ, ದೀಪ, ಆನೆ: ಒಬ್ಬೊಬ್ಬ ಉಮೇದುವಾರನಿಗೆ ಒಂದೊಂದು ಪೆಟ್ಟಿಗೆ, ಪೆಟ್ಟಿಗೆಯ ಮೇಲೆ ಗುರುತು. ಬಂದು ಹಾಕಿದವರು ನೂರಕ್ಕೆ ಸುಮಾರು 45 ಮಂದಿ.

ಕೊಳಗದ ಲೆಕ್ಕ

ಆ ಮೊದಲ ಚುನಾವಣೆಯಲ್ಲೇ ಎರಡು ಪ್ರಸಂಗಗಳು ನಡೆದವು. ಶಿವಮೊಗ್ಗ ಜಿಲ್ಲೆಯ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರ ಸತ್ಯಾಗ್ರಹವಾಗಿತ್ತು. ಜಗಳದ ಮೂಲ ಕೊಳಗದ ಅಳತೆ. ಗೇಣಿಯ ಬತ್ತವನ್ನು ದೊಡ್ಡ ಕೊಳಗದಲ್ಲಿ ಅಳೆದುಕೊಳ್ಳುತ್ತಾರೆಂಬುದು ಒಕ್ಕಲುಗಳ ದೂರು. ರಾಮಮನೋಹರ ಲೋಹಿಯಾ ಅಲ್ಲಿಗೆ ಬಂದು ಬಂಧಿತರಾದರು. ಮರುವರ್ಷದ ಚುನಾವಣೆಯಲ್ಲಿ ಸಾಗರ-ಹೊಸನಗರ ಕ್ಷೇತ್ರದ ಜನ, ಕೈಯಲ್ಲಿ ಕಾಸಿಲ್ಲದ ಸಮಾಜವಾದಿ ಶಾಂತವೇರಿ ಗೋಪಾಲಗೌಡರನ್ನು ಆರಿಸಿದರು. 'ಒಂದು ಓಟು, ಒಂದು ನೋಟು' ಎಂದು ಅವರು ಜನರಿಂದಲೇ ಚುನಾವಣೆಯ ಖರ್ಚನ್ನು ಕೇಳಿ ಪಡೆದ ಸಂಗತಿ ಮಲೆನಾಡಿನಲ್ಲಿ ಇಂದಿಗೂ ಮಾತಿನಲ್ಲಿದೆ. ಆ ಗೇಣಿದಾರರಲ್ಲಿ ಪಕ್ಷಗಳ ಪ್ರಣಾಳಿಕೆಯನ್ನು ಓದಬಲ್ಲವರು ಎಷ್ಟು ಮಂದಿ ಇದ್ದಾರು? ಆದರೆ ಕೊಳಗಕ್ಕೆ ಎಷ್ಟು ಸೇರು ಹಿಡಿಯುತ್ತದೆಂದು ಅವರಿಗೆ ಯಾರೂ ಕಲಿಸಬೇಕಾಗಿರಲಿಲ್ಲ.

ಇನ್ನೊಂದು ಪ್ರಸಂಗ ಮುಂಬಯಿಯದು. ಕೊಲಂಬಿಯಾ ಮತ್ತು ಲಂಡನ್ ವಿಶ್ವವಿದ್ಯಾನಿಲಯಗಳ ಡಾಕ್ಟರೇಟ್ ಪಡೆದ, ಸಂವಿಧಾನದ ಕರಡು ಸಮಿತಿಗೆ ಅಧ್ಯಕ್ಷರಾಗಿದ್ದ ಅಂಬೇಡ್ಕರರು ಮುಂಬಯಿ ಉತ್ತರ ಕ್ಷೇತ್ರದಲ್ಲಿ ಕಾಂಗ್ರೆಸ್ಸಿನ ಕಾಜ್ರೋಳಕರರೆದುರು ಸುಮಾರು 15 ಸಾವಿರ ಮತಗಳಿಂದ ಸೋತರು. ಹಳ್ಳಿಗಾಡಿಗಿಂತ ಎಷ್ಟೋ ಹೆಚ್ಚು ಅಕ್ಷರಸ್ಥರಿದ್ದ ಮಹಾನಗರ ಅದು. ವಿದ್ಯಾವಂತ ಮತದಾರ ವಿದ್ಯಾವಂತ ಉಮೇದುವಾರನನ್ನೇ ಆರಿಸುತ್ತಾನೆಂಬ ನಂಬಿಕೆಗೆ ಗಣರಾಜ್ಯದ ಮೊದಲ ಚುನಾವಣೆಯಲ್ಲೇ ಪೆಟ್ಟು ಬಿತ್ತು.

1977: ಯಾರು ಏನನ್ನು ಓದಿದರು?

ಆದರೂ ಈ ಪ್ರಶ್ನೆಗೆ ನಿಜವಾದ ಪರೀಕ್ಷೆ ಬಂದುದು 1977ರ ಮಾರ್ಚಿಯಲ್ಲಿ. ತುರ್ತುಪರಿಸ್ಥಿತಿ ಘೋಷಣೆಯಾಗಿ ಇಪ್ಪತ್ತೊಂದು ತಿಂಗಳು ಕಳೆಯುತ್ತ ಬಂದಿತ್ತು. ವಿರೋಧ ಪಕ್ಷಗಳ ಮುಖಂಡರು ಸೆರೆಮನೆ ಕಂಡು ಬಂದಿದ್ದರು. ವಾಜಪೇಯಿ, ಆಡ್ವಾಣಿ, ಮಧು ದಂಡವತೆ ಇವರನ್ನು ಬೆಂಗಳೂರಿನ ಸೆಂಟ್ರಲ್ ಜೈಲೇ ನೋಡಿತ್ತು. ಪತ್ರಿಕೆಗಳಿಗೆ ಸೆನ್ಸಾರ್ ಬಿಗಿದಿತ್ತು. ಪ್ರಜೆಯ ಸ್ವಾತಂತ್ರ್ಯ ಇರಬೇಕೆ ಬೇಡವೆ ಎಂಬುದಕ್ಕಿಂತ ದೊಡ್ಡ ಪ್ರಶ್ನೆ ಮತದಾರನ ಮುಂದೆ ಬಂದಿರಲಿಲ್ಲ. ವಿದ್ಯೆಯಿಂದಲೇ ವಿವೇಕ ಹುಟ್ಟುವುದಾದರೆ, ಹೆಚ್ಚು ಓದಿದ ಪ್ರಾಂತ ಒಂದು ತೀರ್ಪನ್ನೂ ಓದದ ಪ್ರಾಂತ ಇನ್ನೊಂದನ್ನೂ ಕೊಡಬೇಕಷ್ಟೆ?

ತೀರ್ಪುಗಳು ಬೇರೆಯಾದುದೇನೋ ನಿಜ, ಆದರೆ ತಲೆಕೆಳಗಾಗಿ. 1971ರ ಜನಗಣತಿಯಲ್ಲಿ ಬಿಹಾರದ ಅಕ್ಷರಸ್ಥರು ನೂರಕ್ಕೆ ಸುಮಾರು 20. ಉತ್ತರ ಪ್ರದೇಶದಲ್ಲಿ ಸುಮಾರು 22. ಬಿಹಾರದ 54 ಲೋಕಸಭಾ ಸ್ಥಾನಗಳಲ್ಲಿ ಒಂದೂ, ಉತ್ತರ ಪ್ರದೇಶದ 85ರಲ್ಲಿ ಒಂದೂ ಕಾಂಗ್ರೆಸ್ಸಿಗೆ ಬರಲಿಲ್ಲ. ರಾಯಬರೇಲಿಯಲ್ಲಿ ಪ್ರಧಾನಮಂತ್ರಿ ಇಂದಿರಾ ಗಾಂಧಿಯವರೇ ರಾಜನಾರಾಯಣರೆದುರು 55 ಸಾವಿರ ಮತಗಳಿಂದ ಸೋತರು. ಅತ್ತ ಕೇರಳದಲ್ಲಿ ಅಕ್ಷರಸ್ಥರು ನೂರಕ್ಕೆ 60. ದೇಶದಲ್ಲೇ ಹೆಚ್ಚು ಪತ್ರಿಕೆ ಓದುವ ನಾಡೆಂಬ ಹೆಸರು. ಅಲ್ಲಿನ 20ಕ್ಕೆ 20 ಸ್ಥಾನಗಳನ್ನೂ ಕಾಂಗ್ರೆಸ್ ಕೂಟವೇ ಗೆದ್ದಿತು.

ಓದಿದವರಿಗೆ ಸ್ವಾತಂತ್ರ್ಯ ಬೇಡವಾಗಿತ್ತೆಂದು ಇದರಿಂದ ಅರ್ಥ ಮಾಡುವುದು ಅನ್ಯಾಯ. ಕಾರಣ ಬೇರೆ. ಉತ್ತರದ ಹಳ್ಳಿಗಳಲ್ಲಿ ತುರ್ತುಪರಿಸ್ಥಿತಿ ಬಾಗಿಲು ತಟ್ಟಿ ಒಳಗೆ ಬಂದಿತ್ತು. 1976-77ರ ಒಂದೇ ವರ್ಷದಲ್ಲಿ ದೇಶದಲ್ಲಿ 80 ಲಕ್ಷಕ್ಕೂ ಹೆಚ್ಚು ಸಂತಾನಹರಣ ಶಸ್ತ್ರಚಿಕಿತ್ಸೆಗಳಾದವು. ಒತ್ತಾಯ ಅತಿಯಾದುದು ಉತ್ತರದಲ್ಲಿ. ಪಟವಾರಿಗೂ ಮೇಷ್ಟ್ರಿಗೂ ಇಷ್ಟಿಷ್ಟು 'ಕೇಸು' ತರಬೇಕೆಂದು ಕಟ್ಟಳೆ ಹಾಕಿದಾಗ, ಅವರು ಹಿಡಿದು ತರುತ್ತಿದ್ದುದು ತಿರುಗಿ ಮಾತಾಡಲಾರದ ಬಡವನನ್ನೇ. ಅವನಿಗೆ ಸೆನ್ಸಾರಿನಿಂದ ಏನೂ ಮರೆಯಾಗಲಿಲ್ಲ; ಪತ್ರಿಕೆಯನ್ನು ಅವನು ಮೊದಲೂ ಓದುತ್ತಿರಲಿಲ್ಲ. ಮೈಮೇಲೆ ಬಂದುದನ್ನು ಓದಿಕೊಂಡನು. ದಕ್ಷಿಣದಲ್ಲಿ ಆ ಕೈ ಅಷ್ಟು ಬಿರುಸಾಗಿರಲಿಲ್ಲ. ಪತ್ರಿಕೆ ಓದಿ ಲೋಕವನ್ನು ತಿಳಿಯುತ್ತಿದ್ದವನಿಗೆ, ಓದುವುದಕ್ಕೆ ಸಿಕ್ಕಿದ್ದು ಸರ್ಕಾರ ಬಿಟ್ಟಷ್ಟೇ ಸುದ್ದಿ.

ಕನ್ನಡನಾಡಿನ ಲೆಕ್ಕ ಇನ್ನೂ ಕುತೂಹಲಕರ. 28 ಸ್ಥಾನಗಳಲ್ಲಿ 26 ಕಾಂಗ್ರೆಸ್ಸಿಗೆ ಹೋದವು. ಇಲ್ಲಿನ ಹಳ್ಳಿಗನೇನು ಬಿಹಾರದವನಿಗಿಂತ ದಡ್ಡನೆ? ದೇವರಾಜ ಅರಸರ ಭೂಸುಧಾರಣೆ 1974ರಿಂದ ಜಾರಿಗೆ ಬಂದು, ಗೇಣಿದಾರರು ಏಳನೆಯ ನಮೂನೆಯ ಅರ್ಜಿಯನ್ನು ಯಾರಿಂದಲಾದರೂ ಬರೆಯಿಸಿ, ಹೆಬ್ಬೆಟ್ಟು ಒತ್ತಿ, ನ್ಯಾಯಮಂಡಳಿಯ ಮುಂದೆ ನಿಂತಿದ್ದ ಕಾಲ ಅದು. ಜಮೀನು ಕೈಸೇರುವ ಹೊತ್ತಿನಲ್ಲಿ ಸರ್ಕಾರವನ್ನು ಕೆಡವಲು ಅವರಿಗೆ ಕಾರಣವಿರಲಿಲ್ಲ. ಪ್ರವಾಹಕ್ಕೆದುರಾಗಿ ನಿಂತ ಎರಡು ಕ್ಷೇತ್ರಗಳಲ್ಲಿ ಒಂದು ಹಾಸನ. ಇನ್ನೊಂದು ಬಸವನಗುಡಿ, ಜಯನಗರಗಳ ವಿದ್ಯಾವಂತರ ಬೆಂಗಳೂರು ದಕ್ಷಿಣ. ಅಲ್ಲಿ ಗೆದ್ದ ಕೆ. ಎಸ್. ಹೆಗ್ಡೆಯವರು, ತಮ್ಮ ಹಿರಿತನವನ್ನು ಕಡೆಗಣಿಸಿ ಕಿರಿಯರನ್ನು ಮುಖ್ಯ ನ್ಯಾಯಾಧೀಶರನ್ನಾಗಿ ಮಾಡಿದುದಕ್ಕೆ 1973ರಲ್ಲಿ ಸುಪ್ರೀಂ ಕೋರ್ಟಿಗೆ ರಾಜೀನಾಮೆಯಿತ್ತು ಬಂದವರು. ನ್ಯಾಯಾಂಗದ ಸ್ವಾತಂತ್ರ್ಯವೆಂಬುದು ವಕೀಲರ, ಉಪಾಧ್ಯಾಯರ, ಬ್ಯಾಂಕ್ ನೌಕರರ ಮನೆಯ ಮಾತಾಗಿತ್ತು. ಗೇಣಿ ಮಲೆನಾಡಿನವನ ಮನೆಯ ಮಾತು. ಅವರವರ ಓಟು ಅವರವರ ಮನೆಯ ಮಾತಿನ ಹಿಂದೆ ಹೋಯಿತು. ಬಸವನಗುಡಿಯ ಓಟಿಗಿಂತ ಸಾಗರದ ಓಟು ಕೀಳೆನ್ನುವುದಕ್ಕೆ ಯಾವ ತಕ್ಕಡಿಯೂ ಇಲ್ಲ.

ಎಂಟು ವರ್ಷಗಳ ತರುವಾಯ ಇದೇ ಮತದಾರರು ಇನ್ನೊಂದು ಚಮತ್ಕಾರ ತೋರಿದರು. 1984ರ ಡಿಸೆಂಬರಿನ ಲೋಕಸಭಾ ಚುನಾವಣೆಯಲ್ಲಿ ಕರ್ನಾಟಕದ 28ರಲ್ಲಿ 24 ಸ್ಥಾನಗಳನ್ನು ಕಾಂಗ್ರೆಸ್ಸಿಗೆ ಕೊಟ್ಟು, ಮೂರೇ ತಿಂಗಳಲ್ಲಿ, 1985ರ ಮಾರ್ಚಿಯಲ್ಲಿ, ವಿಧಾನಸಭೆಯ 224ರಲ್ಲಿ 139ನ್ನು ರಾಮಕೃಷ್ಣ ಹೆಗಡೆಯವರ ಜನತಾ ಪಕ್ಷಕ್ಕೆ ಕೊಟ್ಟರು. ದಿಲ್ಲಿಗೊಂದು, ಬೆಂಗಳೂರಿಗೊಂದು. ಗುರುತು ನೋಡಿ ಕಣ್ಣುಮುಚ್ಚಿ ಒತ್ತುವವರು ಮಾಡುವ ಕೆಲಸವಲ್ಲ ಇದು.

ಹಾಗಾದರೆ ವಿದ್ಯೆಗೂ ಓಟಿಗೂ ಸಂಬಂಧವೇ ಇಲ್ಲವೆ? ಇದೆ. ರಜನಿ ಕೊಠಾರಿಯವರು 1963ರಲ್ಲಿ ದಿಲ್ಲಿಯಲ್ಲಿ ಸ್ಥಾಪಿಸಿದ ಅಭಿವೃದ್ಧಿಶೀಲ ಸಮಾಜಗಳ ಅಧ್ಯಯನ ಕೇಂದ್ರ, ಮತದಾರರನ್ನು ಮನೆಯಲ್ಲೇ ಕಂಡು ವಿಚಾರಿಸುವ ಸಮೀಕ್ಷೆಗಳನ್ನು ದಶಕಗಳಿಂದ ನಡೆಸಿದೆ. 1990ರ ದಶಕದ ಸಮೀಕ್ಷೆಗಳಲ್ಲಿ ಕ್ರಮ ಸ್ಪಷ್ಟವಾಗಿತ್ತು: ಅನಕ್ಷರಸ್ಥರಿಂದ ಹೈಸ್ಕೂಲಿಗೆ, ಅಲ್ಲಿಂದ ಕಾಲೇಜಿಗೆ ಮೇಲೇರಿದಂತೆ ಭಾರತೀಯ ಜನತಾ ಪಕ್ಷದ ಬೆಂಬಲವೂ ಏರುತ್ತಿತ್ತು, ಕಾಂಗ್ರೆಸ್ಸಿನ ಬಲ ಕೆಳಗಿನ ಮೆಟ್ಟಿಲುಗಳಲ್ಲಿ ಹೆಚ್ಚಾಗಿತ್ತು. 2014ರಲ್ಲೂ ಈ ಏರಿಳಿತ ಕಂಡಿತು. 2019ರ ಹೊತ್ತಿಗೆ ಆ ಪಕ್ಷ ಬಡವರಲ್ಲೂ ಹಳ್ಳಿಗಳಲ್ಲೂ ಬೇರೂರಿದುದರಿಂದ ಅಂತರ ತಗ್ಗಿತು. ಆದರೆ ಓದಿದ್ದರಿಂದಲೇ ಹೀಗಾಯಿತೆಂದು ಹೇಳುವುದು ಅವಸರ. ಅಷ್ಟು ಓದಿದವರು ಯಾರು? ಬಹುಪಾಲು ಮೇಲು ಜಾತಿಯವರು, ಪಟ್ಟಣದವರು, ಗಂಡಸರು, ಕಿರಿಯರು. ಈ ಎಳೆಗಳನ್ನೆಲ್ಲ ಬಿಡಿಸಿದ ಮೇಲೆ ವಿದ್ಯೆಯ ಪಾಲಿಗೆ ಉಳಿಯುವುದು ಮೊದಲು ತೋರಿದಷ್ಟಿಲ್ಲ. ಇಂಗ್ಲೆಂಡಿನ ಪದವೀಧರರ ಕ್ಷೇತ್ರಗಳ ವಿಷಯದಲ್ಲಿ ಹೇಳಿದ ಮಾತೇ ಇದು.

ವಿದ್ಯೆ ಮತದಾರನನ್ನು ಯಾವಾಗಲೂ ಒಂದೇ ದಿಕ್ಕಿಗೆ ಕೊಂಡೊಯ್ಯುವುದೂ ಇಲ್ಲ. ಎರಡನೆಯ ಮಹಾಯುದ್ಧದ ಮೇಲಿನ ವರ್ಷಗಳಲ್ಲಿ ಫ್ರಾನ್ಸ್, ಇಂಗ್ಲೆಂಡ್, ಅಮೆರಿಕಗಳಲ್ಲಿ ಕಡಮೆ ಓದಿದ ಕಾರ್ಮಿಕರು ಎಡಪಕ್ಷಗಳ ಕಡೆಗಿದ್ದರು, ಪದವೀಧರರು ಬಲಪಕ್ಷಗಳ ಕಡೆಗೆ. ಅರ್ಧ ಶತಮಾನ ಕಳೆಯುವುದರೊಳಗೆ ಚಿತ್ರ ತಿರುವುಮುರುವಾಯಿತು. ಫ್ರಾನ್ಸಿನ ಅರ್ಥಶಾಸ್ತ್ರಜ್ಞ ತೋಮಾ ಪಿಕೆಟಿ 2018ರಲ್ಲಿ ಈ ತಿರುವನ್ನು ಲೆಕ್ಕಹಾಕಿ ತೋರಿಸಿ, ಓದಿದವರ ಪಕ್ಷವಾದ ಹೊಸ ಎಡಕ್ಕೆ ನಮ್ಮ ದೇಶದ ಮಾತನ್ನೇ ಕಡ ತೆಗೆದುಕೊಂಡು 'ಬ್ರಾಹ್ಮಣ ಎಡ' ಎಂದು ಹೆಸರಿಟ್ಟರು. ಹಣವಂತರ ಪಕ್ಷಕ್ಕೆ 'ವರ್ತಕ ಬಲ'. 2016ರ ಅಮೆರಿಕದ ಚುನಾವಣೆಯಲ್ಲಿ, ಪ್ಯೂ ಸಂಶೋಧನಾ ಕೇಂದ್ರದ ಲೆಕ್ಕದಂತೆ, ಪದವಿಯಿಲ್ಲದ ಬಿಳಿಯರಲ್ಲಿ ನೂರಕ್ಕೆ 64 ಮಂದಿ ಟ್ರಂಪ್ ಅವರಿಗೆ, 28 ಮಂದಿ ಹಿಲರಿ ಕ್ಲಿಂಟನ್ ಅವರಿಗೆ ಮತವಿತ್ತರು. ಪದವೀಧರ ಬಿಳಿಯರಲ್ಲಿ 38 ಮತ್ತು 55. ಕರಿಯರಲ್ಲಿ ಮಾತ್ರ ಓದಿದವರೂ ಓದದವರೂ ಬಹುತೇಕ ಒಂದೇ ಕಡೆಗೆ ಹಾಕಿದರು. 1950ರಲ್ಲಿ ಅಮೆರಿಕದ ವಯಸ್ಕರಲ್ಲಿ ಪದವೀಧರರು ನೂರಕ್ಕೆ ಆರು ಮಂದಿ, 2016ರಲ್ಲಿ ಮೂರರಲ್ಲೊಂದು ಪಾಲು. ಆರು ಮಂದಿಯಿದ್ದಾಗ ಅವರು ಸಿರಿವಂತರ ಗುಂಪಿನೊಳಗೆ ಸೇರಿಹೋಗಿದ್ದರು. ಮೂರರಲ್ಲೊಂದು ಪಾಲಾದಾಗ ಅವರದೇ ಒಂದು ಊರು, ಒಂದು ಉದ್ಯೋಗ, ಒಂದು ಅಭಿರುಚಿಯಾಯಿತು. ಗಿರಣಿ ಮುಚ್ಚಿದ ಊರಿನವನಿಗೆ ಅವರು ಪರಕೀಯರಾದರು. ಅಲ್ಲಿಯ ವಿದ್ಯಾವಂತ ಎಡಕ್ಕೆ, ಇಲ್ಲಿಯ ವಿದ್ಯಾವಂತ ಬಲಕ್ಕೆ. ಇಬ್ಬರೂ ತಮ್ಮ ಓದೇ ತಮ್ಮನ್ನು ಸರಿದಾರಿಗೆ ತಂದಿತೆಂದು ನಂಬಿರುವುದು ಸ್ವಲ್ಪ ನಗೆ ತರುವ ಸಂಗತಿ.

ಪದವೀಧರರದೇ ಆದ ಪೆಟ್ಟಿಗೆ

ಓದಿದವರಷ್ಟೇ ಓಟು ಹಾಕಿದರೆ ಹೇಗಿರುತ್ತದೆಂದು ನೋಡಬಯಸುವವರು ಇಂಗ್ಲೆಂಡಿಗೆ ಹೋಗಬೇಕಾಗಿಲ್ಲ. ಕರ್ನಾಟಕದ ವಿಧಾನಪರಿಷತ್ತಿನ 75 ಸ್ಥಾನಗಳಲ್ಲಿ 7 ಪದವೀಧರರ ಕ್ಷೇತ್ರಗಳು, 7 ಶಿಕ್ಷಕರ ಕ್ಷೇತ್ರಗಳು. ಪದವಿ ಪಡೆದು ಮೂರು ವರ್ಷವಾದವರಿಗೆ ಮಾತ್ರ ಅಲ್ಲಿ ಮತ. ಪಟ್ಟಿಯನ್ನು ಪ್ರತಿ ಚುನಾವಣೆಗೂ ಹೊಸದಾಗಿ ಮಾಡುತ್ತಾರೆ. ಬೇಕಾದವರು ತಾವೇ ಅರ್ಜಿ ಹಾಕಬೇಕು. ಹಾಕದೆ ಉಳಿಯುವ ಪದವೀಧರರು ಲಕ್ಷಗಟ್ಟಲೆ. ಹಾಕಿ, ಮತಗಟ್ಟೆಗೂ ಬಂದವರ ಕೆಲಸ ಇಷ್ಟೆ: ಅಲ್ಲೇ ಕೊಟ್ಟ ಲೇಖನಿಯಿಂದ ಮೆಚ್ಚಿದವರ ಮುಂದೆ 1 ಎಂಬ ಅಂಕಿ, ಮನಸ್ಸಿದ್ದರೆ ಉಳಿದವರ ಮುಂದೆ 2, 3 ಬರೆಯುವುದು. ಎಣಿಕೆಯ ದಿನ ಸಾವಿರಾರು ಮತಗಳು ಅಸಿಂಧುವಾಗುವುದು ವಾಡಿಕೆಯಾಗಿಬಿಟ್ಟಿದೆ. ಕೆಲವರು ಅಂಕಿಯ ಬದಲು ಗೀಟು ಹಾಕುತ್ತಾರೆ, ಕೆಲವರು ಅಕ್ಷರದಲ್ಲಿ 'ಒಂದು' ಎಂದು ಬರೆಯುತ್ತಾರೆ, ಇನ್ನು ಕೆಲವರು ಕೆಳಗೆ ರುಜು ಮಾಡುತ್ತಾರೆ! ಗೆಲ್ಲುವವರೋ, ವಿರಳ ಸಂದರ್ಭ ಬಿಟ್ಟರೆ, ಉಳಿದ ಕಡೆ ಗೆಲ್ಲುವ ಪಕ್ಷಗಳವರೇ.

2014ರಲ್ಲಿ ಬೆಂಗಳೂರು ದಕ್ಷಿಣದಲ್ಲಿ ಇನ್‌ಫೋಸಿಸ್ ಸ್ಥಾಪಕರಲ್ಲೊಬ್ಬರಾದ ನಂದನ್ ನಿಲೇಕಣಿಯವರು ಕಾಂಗ್ರೆಸ್ಸಿನಿಂದ ನಿಂತಾಗ, ವಿದ್ಯಾವಂತರ ಊರಿಗೆ ಇದಕ್ಕಿಂತ ಒಪ್ಪುವ ಉಮೇದುವಾರ ಯಾರೆಂದು ಹಲವರು ಕೇಳಿದರು. ಅನಂತಕುಮಾರರು 2 ಲಕ್ಷ 28 ಸಾವಿರ ಮತಗಳ ಅಂತರದಿಂದ ಗೆದ್ದರು. ಓದಿದ ಮತದಾರನೂ ನೋಡುವುದು ಪಕ್ಷವನ್ನು, ನಾಯಕನನ್ನು, ಗಾಳಿಯನ್ನು. ಹಳ್ಳಿಗನಿಗೆ 'ಜಾತಿ ನೋಡಿ ಹಾಕುತ್ತಾನೆ' ಎನ್ನುವವರ ಬಡಾವಣೆಗಳಲ್ಲೂ ಪಕ್ಷಗಳು ಟಿಕೆಟ್ ಕೊಡುವಾಗ ಜಾತಿಯ ಪಟ್ಟಿಯನ್ನು ಮುಂದಿಟ್ಟುಕೊಂಡೇ ಕೂರುತ್ತವೆಂಬುದನ್ನು ಯಾರೂ ಗುಟ್ಟಾಗಿಟ್ಟಿಲ್ಲ.

ಇನ್ನು ಮತಗಟ್ಟೆಗೆ ಬರುವ ಮಾತು. 2024ರ ಲೋಕಸಭಾ ಚುನಾವಣೆಯಲ್ಲಿ ಮಂಡ್ಯದಲ್ಲಿ ನೂರಕ್ಕೆ 81 ಮಂದಿ ಮತ ಹಾಕಿದರು. ಬೆಂಗಳೂರು ದಕ್ಷಿಣದಲ್ಲಿ 53 ಮಂದಿ. ಮನೆ ಬದಲಾಯಿಸಿದವರ ಹೆಸರು ನಗರದ ಪಟ್ಟಿಯಲ್ಲಿ ಹಾಗೆಯೇ ಉಳಿದಿರುತ್ತದೆ, ಅದರಿಂದ ನಗರದ ಅಂಕಿ ನಿಜಕ್ಕಿಂತ ಕಡಮೆ ತೋರುತ್ತದೆ ಎಂಬ ಸಮಾಧಾನವುಂಟು. ಅದನ್ನು ಕಳೆದರೂ ಅಂತರ ಸಣ್ಣದಲ್ಲ. 1990ರ ದಶಕದಲ್ಲಿ ಬಡವರು, ದಲಿತರು, ಕಡಮೆ ಓದಿದವರು ಉಳಿದವರಿಗಿಂತ ಹೆಚ್ಚಿನ ಉತ್ಸಾಹದಿಂದ ಮತಗಟ್ಟೆಗೆ ಬರತೊಡಗಿದುದನ್ನು ಯೋಗೇಂದ್ರ ಯಾದವರು 'ಎರಡನೆಯ ಪ್ರಜಾಸತ್ತಾತ್ಮಕ ಉಬ್ಬರ'ವೆಂದು ಕರೆದರು. ಪಾಶ್ಚಾತ್ಯ ದೇಶಗಳಲ್ಲಿ ಓದಿದವರೇ ಹೆಚ್ಚಾಗಿ ಮತ ಹಾಕುವುದು. ಇಲ್ಲಿ ಆ ನಿಯಮ ನಡೆಯಲಿಲ್ಲ. ಕಚೇರಿಯಲ್ಲಿ ಕಾಗದ ಮುಂದೆ ಹೋಗಬೇಕಾದರೆ ವಿದ್ಯಾವಂತನಿಗೆ ಪರಿಚಯದವರಿದ್ದಾರೆ, ವಕೀಲರಿದ್ದಾರೆ. ಬಡವನಿಗೆ ಅಧಿಕಾರಸ್ಥನು ಕೈಮುಗಿದು ಬರುವುದು ಐದು ವರ್ಷಕ್ಕೊಮ್ಮೆ. 1962ರಿಂದ ಮೈಸೂರಿನ ಕಾರ್ಖಾನೆಯಲ್ಲಿ ತಯಾರಾಗಿ ದೇಶಕ್ಕೆಲ್ಲ ಹೋಗುವ ಅಳಿಸದ ಮಸಿಯನ್ನು ಬೆರಳಿಗೆ ಹಚ್ಚಿಸಿಕೊಳ್ಳಲು ಅವನು ಬಿಸಿಲಲ್ಲಿ ನಿಲ್ಲುವುದಕ್ಕೆ ಬೇರೆ ವ್ಯಾಖ್ಯಾನ ಬೇಕಿಲ್ಲ.

ಮತದಾರನಿಗೆ ಇಡಲಾಗದ ಪರೀಕ್ಷೆಯನ್ನು ಉಮೇದುವಾರನಿಗಾದರೂ ಇಡೋಣವೆಂಬ ಯತ್ನವೂ ನಡೆದಿದೆ. ಪಂಚಾಯಿತಿಗೆ ನಿಲ್ಲುವವರಿಗೆ ರಾಜಸ್ಥಾನವು 2014ರ ಡಿಸೆಂಬರಿನಲ್ಲಿ ವಿದ್ಯಾರ್ಹತೆ ಗೊತ್ತುಮಾಡಿತು, 2019ರಲ್ಲಿ ತೆಗೆದುಹಾಕಿತು. ಹರಿಯಾಣವು 2015ರಲ್ಲಿ ಸಾಮಾನ್ಯ ಗಂಡಸರಿಗೆ ಹತ್ತನೆಯ ತರಗತಿ, ಹೆಂಗಸರಿಗೂ ಪರಿಶಿಷ್ಟ ಜಾತಿಯ ಗಂಡಸರಿಗೂ ಎಂಟನೆಯದು ಎಂದು ವಿಧಿಸಿತು. ಆ ವರ್ಷದ ಡಿಸೆಂಬರ್ 10ರಂದು ಸುಪ್ರೀಂ ಕೋರ್ಟು ಇದನ್ನು ಎತ್ತಿಹಿಡಿದು, ಒಳಿತು ಕೆಡುಕುಗಳನ್ನು ವಿಂಗಡಿಸುವ ಶಕ್ತಿ ಬರುವುದು ವಿದ್ಯೆಯಿಂದಲೇ ಎಂಬ ಅಭಿಪ್ರಾಯವನ್ನೂ ಬರೆಯಿತು. ಆ ರಾಜ್ಯದ ಹಳ್ಳಿಗಳಲ್ಲಿ, ಶಾಲೆಯೇ ಇಲ್ಲದ ಕಾಲದಲ್ಲಿ ಹುಟ್ಟಿ ಬೆಳೆದ ಹಿರಿಯ ಹೆಂಗಸರು ಇದರಿಂದ ಹೊರಗುಳಿದರು.

ಕೆ. ಕಾಮರಾಜರು ಹನ್ನೊಂದು ಹನ್ನೆರಡರ ವಯಸ್ಸಿನಲ್ಲೇ ಶಾಲೆ ಬಿಟ್ಟವರು. 1954ರಿಂದ 1963ರವರೆಗೆ ಮದರಾಸಿನ ಮುಖ್ಯಮಂತ್ರಿಯಾಗಿ ಹಳ್ಳಿಹಳ್ಳಿಗೆ ಶಾಲೆಯನ್ನೂ, ಶಾಲೆಯ ಮಕ್ಕಳಿಗೆ ಮಧ್ಯಾಹ್ನದ ಊಟವನ್ನೂ ಒದಗಿಸಿದರು. 1967ರಲ್ಲಿ ಅವರದೇ ವಿರುದುನಗರದಲ್ಲಿ, ಹಿಂದಿ ವಿರೋಧಿ ಚಳವಳಿಯಿಂದ ಬಂದ ಒಬ್ಬ ವಿದ್ಯಾರ್ಥಿ ನಾಯಕನೆದುರು 1,285 ಮತಗಳಿಂದ ಸೋತರು. ಹರಿಯಾಣದ ನಿಯಮವನ್ನು ಅವರಿಗೆ ಹಚ್ಚಿದ್ದರೆ, ಸೋಲುವುದಿರಲಿ, ಪಂಚಾಯಿತಿಗೆ ಉಮೇದುವಾರಿಕೆಯ ಕಾಗದ ಕೊಡುವುದಕ್ಕೂ ಅವರಿಗೆ ಹಕ್ಕಿರುತ್ತಿರಲಿಲ್ಲ. ಲೋಕಸಭೆಗೆ ಮಾತ್ರ ಧಾರಾಳವಾಗಿ ನಿಲ್ಲಬಹುದಾಗಿತ್ತು. ಅಲ್ಲಿ ಇಂದಿಗೂ ಯಾವ ತರಗತಿಯನ್ನೂ ಯಾರೂ ಕೇಳುವುದಿಲ್ಲ.